ಕಾಸರಗೋಡು ಸೀರೆ: ನಮ್ಮೂರಿನ ಬಣ್ಣದ ಗೆರೆಗಳು

ಫ್ಯಾಷನ್ ಪ್ರದರ್ಶನಗಳ ಚಿತ್ರ ನೋಡಿ ನಾವು ಬೆರಗಾಗುತ್ತೇವೆ. ಆದರೆ ನಮ್ಮೂರಿನ ಹೆಸರನ್ನೇ ಹೊತ್ತ ಸೀರೆಯೊಂದಿದೆ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಕೇರಳದ ಸೀರೆ ಎಂದೊಡನೆ ನೆನಪಾಗುವುದು ಕೆನೆಬಣ್ಣದ ಬಟ್ಟೆ, ಜರಿಯ ಅಂಚು. ಬಲರಾಮಪುರದ ನೇಯ್ಗೆ ಅಂಥದು. ಕಾಸರಗೋಡು ಸೀರೆ ಹಾಗಲ್ಲ. ಇದು ಬಣ್ಣದ ಹತ್ತಿ ಸೀರೆ. ಮೈಯಲ್ಲಿ ಗೆರೆ ಅಥವಾ ಚೌಕುಳಿ. ಕರ್ನಾಟಕದ ನೇಯ್ಗೆಯ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ನೇಯುವ ಮೊದಲೇ ನೂಲಿಗೆ ಬಣ್ಣ ಹಾಕುತ್ತಾರೆ. ಹಾಸಿನಲ್ಲಿ ಮಾತ್ರ ಬಣ್ಣ ಬದಲಾದರೆ ಉದ್ದ ಗೆರೆ, ಹೊಕ್ಕಿನಲ್ಲೂ ಬದಲಾದರೆ ಚೌಕುಳಿ. ವ್ಯಾಟ್ ಬಣ್ಣ ನೂಲಿನೊಳಗೇ ಗಟ್ಟಿಯಾಗಿ ನಿಲ್ಲುವುದರಿಂದ ಒಗೆದರೂ ಸುಲಭವಾಗಿ ಬಿಡದು.

ಇಲ್ಲಿನ ನೇಕಾರರ ಸಹಕಾರ ಸಂಘ 1938ರಲ್ಲಿ ಹುಟ್ಟಿದಾಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಭೂಪಟದ ಗೆರೆ ಬದಲಾದರೂ ಮಗ್ಗ ನಿಲ್ಲಲಿಲ್ಲ. 2010ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಆದರೆ ಮಾನ್ಯತೆಯೊಂದೇ ಮಗ್ಗವನ್ನು ನಡೆಸದು. ಪವರ್‌ಲೂಮ್ ಬಟ್ಟೆ ಅಗ್ಗ, ಕೈಮಗ್ಗದ ಸಂಪಾದನೆ ಕಡಿಮೆ. ಹೊಸ ತಲೆಮಾರು ಈ ಕೆಲಸಕ್ಕೆ ಬರಲು ಹಿಂಜರಿಯುತ್ತಿದೆ. ವರ್ಷವರ್ಷವೂ ಮಕ್ಕಳ ಸಂಖ್ಯೆ ಎಣಿಸುವ ಕನ್ನಡ ಶಾಲೆಯವರಾದ ನಮಗೆ ಈ ಚಿಂತೆ ಹೊಸತೇನಲ್ಲ. ಬಳಸುವವರಿದ್ದರೆ ಮಾತ್ರ ಭಾಷೆಯೂ ಬಟ್ಟೆಯೂ ಉಳಿಯುತ್ತವೆ.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅಂದು ಮಕ್ಕಳನ್ನು ಒಂದು ಮಗ್ಗದ ಬಳಿಗೆ ಕರೆದೊಯ್ಯೋಣ. ಮರಳಿ ಬಂದು ಗ್ರಾಫ್ ಹಾಳೆಯಲ್ಲಿ ತಮ್ಮದೇ ಚೌಕುಳಿ ಬಿಡಿಸಲಿ. ಹೊಸ ವಿನ್ಯಾಸ ಹುಡುಕಲು ದೂರ ಹೋಗಬೇಕಾಗಿಲ್ಲ.