ಪೋರ್ಷೆ 911 ಕಾರಿನ ಗಾಲಿ ಮತ್ತು ಟೈರ್ ಅಳತೆಗಳು

ಪೋರ್ಷೆ 911 ಕಾರಿನ ಗಾಲಿ ಮತ್ತು ಟೈರುಗಳ ಅಳತೆ 1964ರಿಂದ 1989ರವರೆಗೆ ಹಲವು ಬಾರಿ ಬದಲಾಯಿತು. ನಾಲ್ಕೂವರೆ ಇಂಚು ಅಗಲವಿದ್ದ ರಿಮ್ ಟರ್ಬೊ ಕಾರಿನ ಹಿಂಗಾಲಿಯಲ್ಲಿ ಒಂಬತ್ತು ಇಂಚಾಯಿತು. ಟೈರಿನ ಅಗಲ 165 ಮಿ.ಮೀ.ನಿಂದ 245 ಮಿ.ಮೀ.ಗೆ ಏರಿತು. ಇಷ್ಟಾದರೂ, ಅಲ್ಪಕಾಲದ ಒಂದು ಅಪವಾದ ಬಿಟ್ಟರೆ, ಟೈರಿನ ಹೊರ ವ್ಯಾಸ 640 ಮಿ.ಮೀ. ಆಸುಪಾಸಿನಲ್ಲೇ ಉಳಿಯಿತು. ಈ ಬದಲಾವಣೆಗಳಿಗೆ ಅಂದಚಂದಕ್ಕಿಂತ ಮುಖ್ಯವಾದ ಕಾರಣವಿತ್ತು. ಹಿಂದಿನ ಅಚ್ಚಿನ ಆಚೆಗೆ ಎಂಜಿನ್ ಹೊತ್ತ ಕಾರನ್ನು ತಿರುವಿನಲ್ಲಿ ಹದದಲ್ಲಿಡಲು ತಯಾರಕರಿಗೆ ದೊರೆತ ಬಲವಾದ ಸಾಧನ ಟೈರೇ ಆಗಿತ್ತು. ಆದ್ದರಿಂದ ಹಳೆಯ 911ಗೆ ಗಾಲಿ ಆಯುವವರು ಅದು ಯಾವ ವರ್ಷದ, ಯಾವ ಮಾದರಿಯ ಕಾರು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಟೈರಿನ ಪಕ್ಕದ ಮೇಲೆ ಅಚ್ಚಾದ ಅಂಕಿಗಳಲ್ಲಿ ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಓರೆಗೆರೆಯ ನಂತರದ ಅಂಕಿ ಸೈಡ್‌ವಾಲ್ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದನ್ನು ಹೇಳುತ್ತದೆ. ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 185/70 ವಿಆರ್ 15 ಎಂದರೆ 185 ಮಿ.ಮೀ. ಅಗಲ, ಅದರ ಶೇ. 70ರಷ್ಟು ಎತ್ತರದ ಸೈಡ್‌ವಾಲ್, 15 ಇಂಚಿನ ರಿಮ್. 'ಆರ್' ರೇಡಿಯಲ್ ರಚನೆಯ ಗುರುತು. ವೇಗದ ಅಕ್ಷರಗಳಲ್ಲಿ 'ಎಚ್' ಗಂಟೆಗೆ 210 ಕಿ.ಮೀ.ವರೆಗಿನ ಓಟಕ್ಕೆ, 'ವಿ' ಆ ಕಾಲದಲ್ಲಿ ಅದಕ್ಕೂ ಮೀರಿದ ವೇಗಕ್ಕೆ ಸಲ್ಲುತ್ತಿತ್ತು. 1960ರ ದಶಕದ ಅಳತೆಗಳಲ್ಲಿ ಓರೆಗೆರೆ ಇರುವುದಿಲ್ಲ. ಆಗಿನ ರೇಡಿಯಲ್ ಟೈರಿನ ಸೈಡ್‌ವಾಲ್ ಅಗಲದ ಶೇ. 80ರಷ್ಟು ಅಥವಾ ತುಸು ಹೆಚ್ಚು ಎಂದು ಗೃಹೀತ. ರಿಮ್ಮಿನ ವಿಷಯದಲ್ಲಿ 6ಜೆ × 15 ಎಂದರೆ ಅಂಚಿನಿಂದ ಅಂಚಿಗೆ ಆರು ಇಂಚು ಅಗಲ, 15 ಇಂಚು ವ್ಯಾಸ. 'ಜೆ' ಎಂಬುದು ಟೈರನ್ನು ಹಿಡಿದಿಡುವ ಅಂಚಿನ ಆಕಾರದ ಹೆಸರು.

911ಗೆ ಮುಂಚಿನ 356 ಕಾರು ಕ್ರಾಸ್‌ಪ್ಲೈ ಟೈರಿನ ಕಾಲದ್ದು. ಅದರ ಆರಂಭದ ಮಾದರಿಗಳಿಗೆ 16 ಇಂಚಿನ ಕಿರಿದಾದ ಗಾಲಿ, 5.00-16 ಟೈರು ಇದ್ದವು. 1955ರಲ್ಲಿ ಬಂದ 356ಎ ನಾಲ್ಕೂವರೆ ಇಂಚಿನ ರಿಮ್ಮಿಗೂ 5.60-15 ಟೈರಿಗೂ ಬದಲಾಯಿತು. 1963ರ 356ಸಿ ಮಾದರಿಯಲ್ಲಿ ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್ ಬಂದಾಗ, ಐದು ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ 205 ಮಿ.ಮೀ.ನಿಂದ 130 ಮಿ.ಮೀ.ಗೆ ಇಳಿಯಿತು. ಈ 5 × 130 ಜೋಡಣೆಯನ್ನೇ 911 ಪಡೆದುಕೊಂಡು ದಶಕಗಳ ಕಾಲ ಉಳಿಸಿಕೊಂಡಿತು. ಹೊಸ ಪೋರ್ಷೆಯ ಗಾಲಿ ಹಳೆಯ ಕಾರಿನ ಹಬ್ಬಿಗೆ ಕೂರುವುದು ಇದರಿಂದಲೇ. ಆದರೆ ಹಬ್ಬಿಗೆ ಕೂತ ಗಾಲಿಯೆಲ್ಲ ಆ ಕಾರಿಗೆ ಒಪ್ಪುವುದಿಲ್ಲ.

1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡ ಕಾರು, ಪೂಜೊ ಕಂಪನಿಯ ಆಕ್ಷೇಪಣೆಯ ನಂತರ 911 ಎಂದಾಯಿತು. 1964ರಲ್ಲಿ ತಯಾರಿಕೆ ಆರಂಭವಾದಾಗ ಅದಕ್ಕಿದ್ದದ್ದು 4.5ಜೆ × 15 ಉಕ್ಕಿನ ಗಾಲಿ, 165 ಎಚ್‌ಆರ್ 15 ರೇಡಿಯಲ್ ಟೈರು. 130 ಅಶ್ವಶಕ್ತಿಯ, ಗಂಟೆಗೆ ಸುಮಾರು 210 ಕಿ.ಮೀ. ಓಡಬಲ್ಲ ಕಾರಿಗೆ ಇದು ಇಂದಿನ ಕಣ್ಣಿಗೆ ತೀರ ಸಣಕಲಾಗಿ ಕಾಣುತ್ತದೆ. ಕಾರಿನ ತೂಕದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಹಿಂಗಾಲಿಗಳ ಮೇಲಿತ್ತು; ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ 2,211 ಮಿ.ಮೀ. ಮಾತ್ರ. ವೇಗದಲ್ಲಿ ತಿರುಗುತ್ತಿರುವಾಗ ಚಾಲಕ ಥಟ್ಟನೆ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ, ಎಂಜಿನ್ನಿನ ತೂಕಕ್ಕೆ ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ. ಆರಂಭದ ಕೆಲವು ಕಾರುಗಳಲ್ಲಿ ಇದನ್ನು ತಗ್ಗಿಸಲು ಮುಂದಿನ ಬಂಪರಿನ ಎರಡೂ ಮೂಲೆಗಳಲ್ಲಿ ಸುಮಾರು 11 ಕೆ.ಜಿ. ತೂಕದ ಎರಕದ ಕಬ್ಬಿಣದ ತುಂಡುಗಳನ್ನಿಟ್ಟರು. ಹಗುರವಾದ ಕಾರಿಗೆ ಬೇಕೆಂದೇ ಭಾರ ಕಟ್ಟಿದ ಈ ಉಪಾಯ ಸಮಸ್ಯೆ ಎಷ್ಟು ಗಂಭೀರವಾಗಿತ್ತು ಎಂಬುದನ್ನು ತೋರಿಸುತ್ತದೆ. ಶಾಶ್ವತ ಪರಿಹಾರವನ್ನು ಟೈರು ಮತ್ತು ಸಸ್ಪೆನ್ಷನ್‌ಗಳಲ್ಲೇ ಹುಡುಕಬೇಕಾಯಿತು.

1967ರ ಮಾದರಿಯಾಗಿ ಬಂದ 160 ಅಶ್ವಶಕ್ತಿಯ 911ಎಸ್ ಕಾರಿನೊಂದಿಗೆ ಫುಕ್ಸ್ ಗಾಲಿ ಬಂದಿತು. ಜರ್ಮನಿಯ ಮೈನರ್ಟ್ಸ್‌ಹಾಗೆನ್ ಊರಿನ ಒಟ್ಟೊ ಫುಕ್ಸ್ ಕಾರ್ಖಾನೆ ಇದನ್ನು ಎರಕ ಹೊಯ್ಯದೆ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಡಿದು ರೂಪಿಸಿತು. ಐದು ದಳಗಳ ಆಕಾರ ಪೋರ್ಷೆಯ ವಿನ್ಯಾಸ ವಿಭಾಗದ ಹೈನ್ರಿಖ್ ಕ್ಲೀ ಅವರದು. ಬಡಿದ ಲೋಹ ಎರಕದ್ದಕ್ಕಿಂತ ಗಟ್ಟಿಯಾದ್ದರಿಂದ ಗಾಲಿಯನ್ನು ತೆಳ್ಳಗೆ, ಹಗುರವಾಗಿ ಮಾಡಲು ಸಾಧ್ಯವಾಯಿತು. ಸ್ಪ್ರಿಂಗಿನ ಕೆಳಗಿರುವ ಭಾಗಗಳ ತೂಕ ಇಳಿದಷ್ಟೂ ಟೈರು ರಸ್ತೆಯ ಉಬ್ಬುತಗ್ಗುಗಳನ್ನು ಬಿಡದೆ ಹಿಂಬಾಲಿಸುತ್ತದೆ. ಮೊದಲ ಫುಕ್ಸ್ ಗಾಲಿಯೂ ನಾಲ್ಕೂವರೆ ಇಂಚು ಅಗಲದ್ದೇ ಆಗಿತ್ತು. 1968ರ ಮಾದರಿಯಲ್ಲಿ ರಿಮ್ ಐದೂವರೆ ಇಂಚಾಯಿತು. ಕಂಪನಿಯ ಮಾದರಿ ವರ್ಷ ಕ್ಯಾಲೆಂಡರಿನ ಹಿಂದಿನ ವರ್ಷದ ಮಧ್ಯದಲ್ಲೇ ಆರಂಭವಾಗುವುದರಿಂದ, ಹಳೆಯ ಕಾರಿನ ಗಾಲಿ ಮೂಲದ್ದೇ ಎಂದು ಪರೀಕ್ಷಿಸುವಾಗ ನೋಂದಣಿಯ ತಾರೀಖನ್ನಷ್ಟೇ ನಂಬುವಂತಿಲ್ಲ.

ದೊಡ್ಡ ತಿದ್ದುಪಡಿ ಆದದ್ದು 1969ರ ಮಾದರಿಯಲ್ಲಿ. ಎಂಜಿನ್ನನ್ನು ಇದ್ದಲ್ಲೇ ಬಿಟ್ಟು ಹಿಂದಿನ ಗಾಲಿಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು, ಅಚ್ಚುಗಳ ನಡುವಿನ ದೂರ 2,268 ಮಿ.ಮೀ. ಆಯಿತು. ಅದರೊಡನೆಯೇ 911ಎಸ್‌ಗೆ 6ಜೆ × 15 ಗಾಲಿ, 185/70 ವಿಆರ್ 15 ಟೈರು ಬಂದವು, ಗಾಲಿಯ ಮೇಲಿನ ಕಮಾನುಗಳು ಸ್ವಲ್ಪ ಅಗಲವಾದವು. 165 ಎಚ್‌ಆರ್ 15 ಟೈರಿನ ಲೆಕ್ಕದ ವ್ಯಾಸ ಸುಮಾರು 645 ಮಿ.ಮೀ.; 185/70ರದು 640. ಅಗಲ 20 ಮಿ.ಮೀ. ಹೆಚ್ಚಿದರೂ ಸೈಡ್‌ವಾಲ್ ಎತ್ತರ 130 ಮಿ.ಮೀ. ಆಸುಪಾಸಿನಲ್ಲೇ ಉಳಿಯಿತು. ಹಾಗಾಗಿ ಗೇರಿನ ಅನುಪಾತ, ಸ್ಪೀಡೊಮೀಟರ್, ಸಸ್ಪೆನ್ಷನ್ನಿನ ಹದ ಯಾವುದನ್ನೂ ಹೊಸದಾಗಿ ಲೆಕ್ಕ ಹಾಕಬೇಕಾಗಲಿಲ್ಲ. ಇದೇ ಅವಧಿಯಲ್ಲಿ ಮೆತ್ತನೆಯ ಸವಾರಿ ಬಯಸುವವರಿಗಾಗಿ ಕೆಲವು ಮಾದರಿಗಳಿಗೆ 5.5ಜೆ × 14 ಗಾಲಿಯನ್ನೂ 185 ಎಚ್‌ಆರ್ 14 ಟೈರನ್ನೂ ಕೊಡುತ್ತಿದ್ದರು. ಎತ್ತರದ ಸೈಡ್‌ವಾಲಿನಿಂದ ಅದರ ಹೊರ ವ್ಯಾಸವೂ 650 ಮಿ.ಮೀ. ಹತ್ತಿರಕ್ಕೆ ಬರುತ್ತಿತ್ತು.

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಬಿಡುಗಡೆಯಾದ ಕರೇರಾ ಆರ್‌ಎಸ್ 2.7 ಈ ಇತಿಹಾಸದ ನಡುಗಂಬ. ಅದುವರೆಗೆ 911ರ ನಾಲ್ಕೂ ಗಾಲಿಗಳ ಅಳತೆ ಒಂದೇ ಆಗಿತ್ತು. ಆರ್‌ಎಸ್‌ನಲ್ಲಿ ಮುಂದೆ 6ಜೆ ರಿಮ್ಮಿನ ಮೇಲೆ 185/70 ವಿಆರ್ 15, ಹಿಂದೆ 7ಜೆ ರಿಮ್ಮಿನ ಮೇಲೆ 215/60 ವಿಆರ್ 15 ಬಂದವು. ಭಾರ ಹೆಚ್ಚಿರುವ ಕಡೆ ರಬ್ಬರೂ ಹೆಚ್ಚು ಎಂಬ ಸರಳ ತರ್ಕ ಅಲ್ಲಿತ್ತು. ಹಿಂದಿನ ಹಿಡಿತ ಹೆಚ್ಚಿದಾಗ ಮುಂದಿನ ಟೈರು ಮೊದಲು ಜಾರುತ್ತದೆ; ಚಾಲಕನಿಗೆ ಸ್ಟೀರಿಂಗಿನಲ್ಲೇ ಎಚ್ಚರಿಕೆ ಸಿಗುತ್ತದೆ. 215/60ರ ವ್ಯಾಸ 639 ಮಿ.ಮೀ., ಮುಂದಿನದಕ್ಕಿಂತ ಒಂದೇ ಮಿಲಿಮೀಟರ್ ಕಡಿಮೆ. ರೇಸಿನ ಅರ್ಹತೆಗೆ 500 ಕಾರು ಮಾರಾಟವಾಗಬೇಕಿತ್ತು. ಒಟ್ಟು 1,580 ತಯಾರಾದವು. ಇದರಿಂದ ಹುಟ್ಟಿದ ಆರ್‌ಎಸ್‌ಆರ್ 2.8 ರೇಸ್ ಕಾರು ಮುಂದೆ ಒಂಬತ್ತು, ಹಿಂದೆ ಹನ್ನೊಂದು ಇಂಚು ಅಗಲದ ರಿಮ್‌ಗಳೊಂದಿಗೆ 1973ರಲ್ಲಿ ಡೇಟೋನಾದ 24 ಗಂಟೆಗಳ ಓಟವನ್ನು ಗೆದ್ದಿತು.

ರಿಮ್ ಅಗಲವಾದಾಗ ಆ ಹೆಚ್ಚುವರಿ ಅಗಲ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಆಫ್‌ಸೆಟ್ ನಿರ್ಧರಿಸುತ್ತದೆ. ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆಯೇ ಆಫ್‌ಸೆಟ್. ಫುಕ್ಸ್ ಗಾಲಿಗಳಲ್ಲಿ ಆರು ಇಂಚಿನದಕ್ಕೆ ಇದು 36 ಮಿ.ಮೀ., 1970ರ ದಶಕದ ಏಳು ಇಂಚಿನದಕ್ಕೆ 23.3, ಟರ್ಬೊದ ಎಂಟು ಇಂಚಿನದಕ್ಕೆ 10.6. ಬಿಡಿಬಿಡಿಯಾಗಿ ನೋಡಿದರೆ ಅರ್ಥವಾಗದ ಈ ಅಂಕಿಗಳಿಗೆ ರಿಮ್ಮಿನ ಅರ್ಧ ಅಗಲವನ್ನು ಕೂಡಿಸಿದರೆ ಮೂರರಲ್ಲೂ ಬರುವ ಮೊತ್ತ 112.2 ಮಿ.ಮೀ. ಎಂದರೆ ಹಬ್ಬಿನಿಂದ ಒಳಗಿನ ಅಂಚಿನ ದೂರ ಬದಲಾಗಲೇ ಇಲ್ಲ. ಸಸ್ಪೆನ್ಷನ್ನಿನ ತೋಳು ಮತ್ತು ಒಳಗೋಡೆಗೆ ಟೈರು ತಾಗದಂತೆ ಆ ಗಡಿಯನ್ನು ಹಾಗೇ ಉಳಿಸಿ, ಹೆಚ್ಚಿದ ಅಗಲವನ್ನೆಲ್ಲ ಹೊರಗಡೆಗೆ ಬಿಟ್ಟರು. ಪ್ರತಿ ಇಂಚಿಗೂ ಗಾಲಿ ಅಷ್ಟೇ ಹೊರಚಾಚಿತು, ಮಡ್‌ಗಾರ್ಡ್ ಉಬ್ಬಿತು. ಆರ್‌ಎಸ್‌ನ ಅಗಲವಾದ ಹಿಂಭಾಗ, ಟರ್ಬೊದ ಉಬ್ಬಿದ ಸೊಂಟ ಎರಡೂ ಗಾಲಿಯ ಈ ಲೆಕ್ಕದಿಂದ ಬಂದ ಆಕಾರಗಳು.

911 ಟರ್ಬೊ 1974ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡು ಮರುವರ್ಷ ಮಾರುಕಟ್ಟೆಗೆ ಬಂದಿತು. 260 ಅಶ್ವಶಕ್ತಿಯ ಈ ಕಾರಿಗೆ ಮುಂದೆ ಏಳು, ಹಿಂದೆ ಎಂಟು ಇಂಚಿನ ರಿಮ್. ಮೊದಲಲ್ಲಿ ಆರ್‌ಎಸ್‌ನ ಟೈರಿನ ಅಳತೆಗಳೇ ಇದಕ್ಕೂ ಇದ್ದವು. ಬಳಿಕ ಪಿರೆಲಿ ಪಿ7 ಬಂದಿತು. ಲ್ಯಾನ್ಸಿಯಾ ಸ್ಟ್ರಾಟೋಸ್ ರ‍್ಯಾಲಿ ಕಾರಿನೊಂದಿಗೆ ಬೆಳೆದ ಪಿ7 ಟೈರಿನಲ್ಲಿ ಉಕ್ಕಿನ ಪಟ್ಟಿಗಳ ಮೇಲೆ ಸುತ್ತಳತೆಯ ದಿಕ್ಕಿನಲ್ಲೇ ನೈಲಾನ್ ಸುತ್ತಿರುತ್ತಿತ್ತು. ಆದ್ದರಿಂದ ಸೈಡ್‌ವಾಲನ್ನು ಅಗಲದ ಅರ್ಧಕ್ಕೆ ಇಳಿಸಿದರೂ ಅತಿವೇಗದಲ್ಲಿ ಟೈರು ಆಕಾರ ಕೆಡುತ್ತಿರಲಿಲ್ಲ. ಟರ್ಬೊದಲ್ಲಿ ಮುಂದೆ 205/50 ವಿಆರ್ 15, ಹಿಂದೆ 225/50 ವಿಆರ್ 15 ಬಳಕೆಗೆ ಬಂದವು. 911ರ ವ್ಯಾಸದ ಶಿಸ್ತು ಮುರಿದದ್ದು ಇಲ್ಲಿ ಮಾತ್ರ. ಹಿಂದಿನ ಟೈರಿನ ವ್ಯಾಸ 606 ಮಿ.ಮೀ.ಗೆ, ಮುಂದಿನದು 586ಕ್ಕೆ ಇಳಿಯಿತು. ಹಿಂಗಾಲಿಯ ಸುತ್ತಳತೆ ಶೇ. 5ರಷ್ಟು ಕುಗ್ಗಿದರೆ ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ತಿರುಗಬೇಕು, ಸರಿಪಡಿಸದ ಸ್ಪೀಡೊಮೀಟರ್ ಅಷ್ಟೇ ಹೆಚ್ಚು ತೋರಿಸುತ್ತದೆ, ಕಾರಿನ ತಳ ನೆಲಕ್ಕೆ ಹತ್ತಿರವಾಗುತ್ತದೆ.

ಉತ್ತರ 16 ಇಂಚಿನ ಗಾಲಿಯಲ್ಲಿ ಸಿಕ್ಕಿತು. 1978ರ ಮಾದರಿಯ 3.3 ಲೀಟರ್ ಟರ್ಬೊಗೆ ಮುಂದೆ 205/55 ವಿಆರ್ 16, ಹಿಂದೆ 225/50 ವಿಆರ್ 16 ನಿಗದಿಯಾದವು. ಎರಡರ ವ್ಯಾಸವೂ ಸುಮಾರು 632 ಮಿ.ಮೀ. ಹಳೆಯ ಎತ್ತರ ಮರಳಿತು, ಗಿಡ್ಡ ಸೈಡ್‌ವಾಲಿನ ಚುರುಕೂ ಉಳಿಯಿತು. ಅದೇ ವರ್ಷದ 911 ಎಸ್‌ಸಿ ಕಾರಿಗೆ ಆರ್‌ಎಸ್‌ನ 15 ಇಂಚಿನ ಜೋಡಿಯೇ ಮುಂದುವರಿದು, 16 ಇಂಚು ಆಯ್ಕೆಯಾಗಿ ದೊರೆಯುತ್ತಿತ್ತು. 1986ರ ಮಾದರಿಯಿಂದ ಟರ್ಬೊದ ಹಿಂದೆ ಒಂಬತ್ತು ಇಂಚಿನ ರಿಮ್, 245/45 ವಿಆರ್ 16 ಟೈರು ಬಂದವು. ವ್ಯಾಸ ಮತ್ತೆ 627 ಮಿ.ಮೀ. ಸನಿಹ. ಬಳಿಕ ಬಂದ 964 ಮಾದರಿಗೆ ಹೊಸ ಸಸ್ಪೆನ್ಷನ್, ಪವರ್ ಸ್ಟೀರಿಂಗ್ ಮತ್ತು ಹೆಚ್ಚಿನ ಆಫ್‌ಸೆಟ್‌ನ ಗಾಲಿ ಬಂದುದರಿಂದ ಅದರ ಗಾಲಿಯನ್ನು ಅದಕ್ಕಿಂತ ಹಳೆಯ ಕಾರಿಗೆ ನೇರವಾಗಿ ಹಾಕಲು ಬರುವುದಿಲ್ಲ. ಸ್ಟಡ್‌ಗಳ ವೃತ್ತ ಒಂದೇ ಆಗಿದ್ದರೂ ಒಳಗಿನ ಅಂಚು 112 ಮಿ.ಮೀ. ಗಡಿಯನ್ನು ದಾಟುತ್ತದೆ.

ಈಗ ಹಳೆಯ 911ಗೆ ಗಾಲಿ ಆಯುವಾಗ ಇದೇ ಲೆಕ್ಕಗಳು ಅನ್ವಯಿಸುತ್ತವೆ. ಪ್ರತಿ ಟೈರಿಗೂ ಒಪ್ಪುವ ರಿಮ್ಮಿನ ಅಗಲಕ್ಕೆ ಮಿತಿಯಿದೆ. 185/70ಕ್ಕೆ ಆರು ಇಂಚೇ ಮೇಲಿನ ಮಿತಿ. 225/50ಕ್ಕೆ ಆರರಿಂದ ಎಂಟು ಇಂಚು. ಮೊದಲ ವರ್ಷಗಳ ಕಾರಿಗೆ 165 ಅಥವಾ 185ಕ್ಕಿಂತ ಅಗಲದ ಟೈರು ಹಾಕಲು ಹೊರಟರೆ ಕಮಾನಿನ ತಗಡು ತಾಗುತ್ತದೆ. 17 ಇಂಚಿನ ಗಾಲಿ ಹಾಕಿದ ಹಳೆಯ ಕಾರುಗಳು ನೋಡಲು ಗಡುಸಾಗಿ ಕಾಣುತ್ತವೆ. ಆದರೆ ಈ ಕಾರುಗಳ ಸಸ್ಪೆನ್ಷನ್ 130 ಮಿ.ಮೀ. ಸೈಡ್‌ವಾಲ್ ಬಳುಕುತ್ತದೆಂದು ನಂಬಿ ರಚಿತವಾದದ್ದು. ಸ್ಟೀರಿಂಗಿಗೆ ಯಂತ್ರದ ನೆರವಿಲ್ಲ. ಗಿಡ್ಡ, ಅಗಲ ಟೈರಿನಿಂದ ಸ್ಟೀರಿಂಗ್ ಭಾರವಾಗುತ್ತದೆ, ರಸ್ತೆಯ ಪ್ರತಿ ಪೆಟ್ಟೂ ಒಳಗೆ ಬರುತ್ತದೆ, ಹಿಡಿತ ಕಳಚುವ ಮುನ್ನಿನ ಮುನ್ಸೂಚನೆ ಕಿರಿದಾಗುತ್ತದೆ. ಮೂಲದ ಅಳತೆಯೇ ಈ ಕಾರಿಗೆ ಉತ್ತಮ. ಹೆಚ್ಚು ಹಿಡಿತ ಬೇಕೆನ್ನುವವರಿಗೆ ಅದೇ ದಶಕದ ಆಯ್ಕೆಪಟ್ಟಿಯಲ್ಲಿದ್ದ ಮುಂದಿನ ಅಳತೆ ಸಾಕು. ಉದಾಹರಣೆಗೆ ಎಸ್‌ಸಿ ಕಾರಿಗೆ 16 ಇಂಚಿನ ಜೋಡಿ.

15 ಇಂಚಿನ ವೇಗದ ಟೈರುಗಳು ಸಾಮಾನ್ಯ ಮಾರುಕಟ್ಟೆಯಿಂದ ಮರೆಯಾದ ಮೇಲೆ ಈ ಸಲಹೆ ಪಾಲಿಸುವುದೇ ಕಷ್ಟವಾಗಿತ್ತು. ಪಿರೆಲಿ ಸಿಂಟುರಾಟೊ ಸಿಎನ್36 ಮತ್ತು ಪಿ7 ಟೈರುಗಳನ್ನು ಹಳೆಯ ನೋಟದಲ್ಲೇ, ಹೊಸ ರಬ್ಬರಿನಲ್ಲಿ ಮತ್ತೆ ತಯಾರಿಸತೊಡಗಿದ್ದರಿಂದ ಆ ಕೊರತೆ ನೀಗಿದೆ. ಪೋರ್ಷೆ ಪರೀಕ್ಷಿಸಿ ಒಪ್ಪಿದ ಟೈರುಗಳ ಮೇಲೆ 'ಎನ್' ಅಕ್ಷರದ ಗುರುತಿರುತ್ತದೆ. ಐತಿಹಾಸಿಕ ಕಾರುಗಳ ರೇಸುಗಳಲ್ಲಿ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಅನುಬಂಧ 'ಕೆ' ಗಾಲಿ ಮತ್ತು ಟೈರಿನ ಅಳತೆಗಳನ್ನು ಆಯಾ ಕಾಲಕ್ಕೆ ಕಟ್ಟಿಹಾಕುತ್ತದೆ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲಿರಬೇಕು.

ಅಳತೆ ಸರಿಯಿದ್ದರೂ ವಯಸ್ಸಾದ ಟೈರು ಅಪಾಯಕಾರಿ. ವರ್ಷಕ್ಕೆ ಕೆಲವೇ ದಿನ ಓಡುವ ಇಂಥ ಕಾರುಗಳಲ್ಲಿ ಮೇಲ್ಮೈ ಸವೆಯುವ ಮುಂಚೆಯೇ ರಬ್ಬರ್ ಗಡುಸಾಗಿ, ಸೈಡ್‌ವಾಲ್ ಬಿರಿದಿರುತ್ತದೆ. 2000ದಿಂದೀಚೆಗೆ ತಯಾರಾದ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ದಿನಾಂಕವಿದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ತಯಾರಾಗಿ ಹತ್ತು ವರ್ಷ ಕಳೆದ ಟೈರನ್ನು, ನೋಡಲು ಹೊಸದರಂತಿದ್ದರೂ, ಬದಲಾಯಿಸಬೇಕೆಂಬುದು ಮಿಶೆಲಿನ್ ಕಂಪನಿಯ ಸಲಹೆ.