ಕಾಲು ಸೆಕೆಂಡಿನ ಆಚೆ ಈಚೆ

1991ರ ಫೆಬ್ರುವರಿ 25ರ ರಾತ್ರಿ, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯದ ದಹ್ರಾನ್‌ನಲ್ಲಿದ್ದ ಅಮೆರಿಕದ ಸೈನಿಕರ ಬ್ಯಾರಕ್ಕಿಗೆ ಇರಾಕಿನ ಸ್ಕಡ್ ಕ್ಷಿಪಣಿ ಬಡಿದು 28 ಮಂದಿ ಸತ್ತರು. ಕಾವಲಿಗಿದ್ದ ಪೇಟ್ರಿಯಟ್ ಹಾರಲೇ ಇಲ್ಲ.

ಅದರ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಂತೆ ಎಣಿಸುತ್ತಿತ್ತು. ದಶಮಾಂಶದಲ್ಲಿ ಮೂರನೇ ಒಂದು ಹೇಗೆ ಮುಗಿಯದೋ, ಸೊನ್ನೆ-ಒಂದುಗಳ ಲೆಕ್ಕದಲ್ಲಿ ಹತ್ತನೇ ಒಂದೂ ಹಾಗೆಯೇ. 24 ಸ್ಥಾನಕ್ಕೆ ಕತ್ತರಿಸಿದ್ದರು. ನೂರು ಗಂಟೆ ಸತತ ಓಡಿದ ಯಂತ್ರದಲ್ಲಿ ತಪ್ಪು 0.34 ಸೆಕೆಂಡಿಗೆ ಬೆಳೆದಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗುತ್ತದೆ. ರಡಾರ್ ಬೇರೆಲ್ಲೋ ಹುಡುಕಿತು.

ಇಸ್ರೇಲಿಗರು ಎರಡು ವಾರ ಮೊದಲೇ ಎಚ್ಚರಿಸಿದ್ದರು. ಬಹಳ ಹೊತ್ತು ಓಡಿಸಿದರೆ ಗುರಿ ಜಾರೀತು ಎಂದು ಘಟಕಗಳಿಗೆ ಸಂದೇಶವೂ ಹೋಗಿತ್ತು. 'ಬಹಳ' ಎಂದರೆ ಎಷ್ಟು? ಹೇಳಿರಲಿಲ್ಲ. ಗಣಿತದ ತಪ್ಪಿಗಿಂತ ಇದೇ ದೊಡ್ಡದೆನಿಸುತ್ತದೆ. ಒಮ್ಮೆ ಆರಿಸಿ ಹಚ್ಚಿದ್ದರೆ ಸಾಕಿತ್ತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು 26ರಂದು.