ಕರಡು ನಿಯಮದಿಂದ ತೆರೆದ ಕಡತದವರೆಗೆ

ಶಾಸನಸಭೆ ಅಂಗೀಕರಿಸುವ ಅಧಿನಿಯಮವು ಸಾಮಾನ್ಯವಾಗಿ ಚೌಕಟ್ಟನ್ನಷ್ಟೇ ಹಾಕಿಕೊಡುತ್ತದೆ. ಶುಲ್ಕವೆಷ್ಟು, ಅರ್ಜಿಯ ನಮೂನೆ ಯಾವುದು, ಪರವಾನಗಿಯ ಷರತ್ತುಗಳೇನು ಎಂಬ ವಿವರಗಳನ್ನು ಇಲಾಖೆಗಳು ತಾವೇ ರಚಿಸುವ ನಿಯಮಗಳಿಂದ ತುಂಬುತ್ತವೆ. ಅಧೀನ ಶಾಸನ ಎನಿಸಿಕೊಳ್ಳುವ ಈ ನಿಯಮಗಳೇ ಜನರ ದಿನನಿತ್ಯದ ಬದುಕನ್ನು ಹೆಚ್ಚಾಗಿ ಮುಟ್ಟುವುದರಿಂದ, ಅವು ರೂಪುಗೊಳ್ಳುವಾಗ ಜನರ ಮಾತಿಗೆ ಎಡೆಯಿತ್ತೇ, ರೂಪುಗೊಂಡ ಬಗೆಯನ್ನು ತಿಳಿಯಲು ಕಡತಗಳು ಅವರ ಕೈಗೆ ಸಿಗುತ್ತಿದ್ದವೇ ಎಂಬ ಎರಡು ಪ್ರಶ್ನೆಗಳು ಭಾರತದ ಆಡಳಿತ ಕಾನೂನಿನ ಇತಿಹಾಸದಲ್ಲಿ ಬಹುಕಾಲ ಬೇರೆ ಬೇರೆ ದಾರಿಗಳಲ್ಲಿ ಸಾಗಿದವು.

ಮೊದಲ ಪ್ರಶ್ನೆಗೆ ಉತ್ತರ ದೊರೆತದ್ದು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿ. ಅದು ವಿಧಿಸುವ ಪೂರ್ವ ಪ್ರಕಟಣೆಯ ಕ್ರಮದಂತೆ, ನಿಯಮ ರಚಿಸುವ ಅಧಿಕಾರಿಯು ಬಾಧಿತರಾಗಬಹುದಾದವರ ಮಾಹಿತಿಗಾಗಿ ಕರಡನ್ನು ಪ್ರಕಟಿಸಬೇಕು, ಅದನ್ನು ಯಾವ ದಿನಾಂಕದಂದು ಅಥವಾ ತರುವಾಯ ಪರಿಶೀಲಿಸಲಾಗುವುದೆಂದು ಸೂಚಿಸಬೇಕು, ಅದಕ್ಕೆ ಮೊದಲು ಬಂದ ಆಕ್ಷೇಪಣೆ ಹಾಗೂ ಸಲಹೆಗಳನ್ನು ಪರಿಗಣಿಸಬೇಕು. ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸುವ ಕರಡು ಅಧಿಸೂಚನೆಗಳು ಇಂದಿಗೂ ರಾಜ್ಯಪತ್ರದಲ್ಲಿ ಅಚ್ಚಾಗುವುದು ಈ ಬಗೆಯ ಉಪಬಂಧಗಳ ಬಲದಿಂದಲೇ. ಆದರೆ ಈ ರಕ್ಷಣೆಗೆ ಹುಟ್ಟಿನಿಂದಲೇ ಮೂರು ಕೊರತೆಗಳಿದ್ದವು: 1988ರ ಮೋಟಾರು ವಾಹನಗಳ ಅಧಿನಿಯಮದಂತೆ ಮೂಲ ಅಧಿನಿಯಮವೇ ಪೂರ್ವ ಪ್ರಕಟಣೆಯ ಷರತ್ತು ಹಾಕಿದ್ದರೆ ಮಾತ್ರ ಅದು ಅನ್ವಯಿಸುತ್ತಿತ್ತು; ಆಕ್ಷೇಪಣೆಯನ್ನು ತಳ್ಳಿಹಾಕಿದ್ದಕ್ಕೆ ಕಾರಣ ಕೊಡಬೇಕೆಂದು ಅದು ಹೇಳಲಿಲ್ಲ; ಪೂರ್ವ ಪ್ರಕಟಣೆಯ ನಂತರ ರಚಿಸಿದ್ದೆಂದು ಹೇಳಿಕೊಂಡ ನಿಯಮವು ರಾಜ್ಯಪತ್ರದಲ್ಲಿ ಬಂದುಬಿಟ್ಟರೆ, ಅದು ಕ್ರಮಬದ್ಧವಾಗಿ ರಚಿತವಾಯಿತೆಂಬುದಕ್ಕೆ ಅದೇ ನಿರ್ಣಾಯಕ ಸಾಕ್ಷ್ಯವಾಗುತ್ತಿತ್ತು.

ಕರಡಿನ ಮಾತು ಹಾಗಿರಲಿ, ಅಂತಿಮ ಕಾನೂನನ್ನೇ ಪ್ರಕಟಿಸದೆ ಜಾರಿಗೊಳಿಸಬಹುದೇ ಎಂಬ ಪ್ರಶ್ನೆ 1951ರಲ್ಲಿ ಹರ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಹಾರಾಜರು ಅಪ್ರಾಪ್ತವಯಸ್ಕರಾಗಿದ್ದ ಕಾಲದಲ್ಲಿ ಜೈಪುರದ ಮಂತ್ರಿ ಪರಿಷತ್ತು 1923ರಲ್ಲಿ ಒಂದು ನಿರ್ಣಯದ ಮೂಲಕ ಅಫೀಮು ಕಾನೂನನ್ನು ಮಾಡಿತ್ತಾದರೂ, ಅದನ್ನು ಎಲ್ಲಿಯೂ ಪ್ರಕಟಿಸಿರಲಿಲ್ಲ. ಆ ಕಾನೂನಿನಡಿ ಒಬ್ಬ ವ್ಯಕ್ತಿಗೆ 50 ರೂಪಾಯಿ ದಂಡ ಬಿದ್ದಿತ್ತು. ಜನರಿಗೆ ತಿಳಿಯದ, ತಿಳಿಯಲು ದಾರಿಯೂ ಇಲ್ಲದ ಕಾನೂನಿನಿಂದ ಅವರನ್ನು ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ನ್ಯಾಯಮೂರ್ತಿ ವಿವಿಯನ್ ಬೋಸ್ ತೀರ್ಪಿತ್ತರು. ಐವತ್ತು ರೂಪಾಯಿಯ ಈ ವ್ಯಾಜ್ಯ ನೆಟ್ಟ ತತ್ವವು 1987ರಲ್ಲಿ ಬೆಂಗಳೂರಿನ ನಗರ ಯೋಜನೆಗೆ ಸಂಬಂಧಿಸಿದ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ ಇನ್ನಷ್ಟು ಸ್ಪಷ್ಟವಾಯಿತು: ಸಂಸತ್ತಿನ ಕಾನೂನು ಬಹಿರಂಗ ಚರ್ಚೆಯಲ್ಲಿ ಹುಟ್ಟಿದರೆ ಅಧೀನ ಶಾಸನವು ಅನೇಕ ವೇಳೆ ಅಧಿಕಾರಿಗಳ ಕೊಠಡಿಯಲ್ಲಿ ಸದ್ದಿಲ್ಲದೆ ಹುಟ್ಟುವುದರಿಂದ, ಅದು ಸೂಕ್ತ ರೀತಿಯಲ್ಲಿ ಪ್ರಕಟವಾಗಲೇಬೇಕೆಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ವಿವರಿಸಿದರು.

ಎರಡನೆಯ ದಾರಿ ಇದಕ್ಕಿಂತ ದುರ್ಗಮವಾಗಿತ್ತು. 1872ರ ಸಾಕ್ಷ್ಯ ಅಧಿನಿಯಮವು ರಾಜ್ಯ ವ್ಯವಹಾರಗಳ ಅಪ್ರಕಟಿತ ದಾಖಲೆಗಳಿಂದ ಸಾಕ್ಷ್ಯ ನೀಡಲು ಇಲಾಖಾ ಮುಖ್ಯಸ್ಥರ ಅನುಮತಿ ಬೇಕೆಂದಿತು. 1923ರ ಅಧಿಕೃತ ರಹಸ್ಯಗಳ ಅಧಿನಿಯಮವು ಕಚೇರಿಯ ಮಾಹಿತಿಯನ್ನು ಅನಧಿಕೃತವಾಗಿ ಹೊರಗೆಡಹುವುದನ್ನೇ ಅಪರಾಧವಾಗಿಸಿತು. 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಸಾರ್ವಜನಿಕ ಕಾರ್ಯಗಳನ್ನು ತಿಳಿಯುವ ಹಕ್ಕು ಜನರಿಗಿದೆಯೆಂದು ಸಾರಿದರೂ, ಆ ಹಕ್ಕಿಗೆ ಜೀವ ಬಂದದ್ದು ರಾಜಸ್ಥಾನದ ಹಳ್ಳಿಗಳಲ್ಲಿ. 1990ರಲ್ಲಿ ಸ್ಥಾಪನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರಿಂದ ನಡೆಸಿದ ಜನಸುನವಾಯಿಗಳಲ್ಲಿ, ಅಂದರೆ ಬಹಿರಂಗ ವಿಚಾರಣೆಗಳಲ್ಲಿ, ಕಾಮಗಾರಿಗಳ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರಿನವರೆದುರು ಗಟ್ಟಿಯಾಗಿ ಓದಲಾಯಿತು. ಕೂಲಿಯ ಲೆಕ್ಕ ನಿಜವೋ ಸುಳ್ಳೋ ಎಂಬುದನ್ನು ಕೂಲಿಕಾರರೇ ಹೇಳುವಂತಾಯಿತು. ಕರ್ನಾಟಕವು 2000ದಲ್ಲಿ ತನ್ನದೇ ಮಾಹಿತಿ ಹಕ್ಕು ಕಾನೂನನ್ನು ರೂಪಿಸಿತು. ಕೇಂದ್ರದ ಮಾಹಿತಿ ಹಕ್ಕು ಅಧಿನಿಯಮ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದು, ಅರ್ಜಿಗೆ 30 ದಿನಗಳೊಳಗೆ ಉತ್ತರಿಸುವ ಹೊಣೆಯನ್ನು ಅಧಿಕಾರಿಯ ಮೇಲೆ ಹೊರಿಸಿತು.

ಬೇರೆಯಾಗಿ ಸಾಗಿದ್ದ ದಾರಿಗಳು ಕೂಡಿದ್ದು ಈ ಅಧಿನಿಯಮದಲ್ಲಿ. ಸಾರ್ವಜನಿಕ ಪ್ರಾಧಿಕಾರವು ಮುಖ್ಯ ನೀತಿಗಳನ್ನು ರೂಪಿಸುವಾಗ ಎಲ್ಲ ಪ್ರಸಕ್ತ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕು, ಬಾಧಿತರಿಗೆ ನಿರ್ಣಯದ ಕಾರಣಗಳನ್ನು ತಿಳಿಸಬೇಕು ಎಂದು ಅದರ 4ನೇ ಸೆಕ್ಷನ್ ವಿಧಿಸುತ್ತದೆ. ಕಡತದ ಟಿಪ್ಪಣಿಗಳನ್ನು ಇದರ ವ್ಯಾಪ್ತಿಯಿಂದ ಹೊರಗಿಡಲು 2006ರಲ್ಲಿ ನಡೆದ ಯತ್ನವು ಜನರ ಪ್ರತಿಭಟನೆಯಿಂದ ನಿಂತುಹೋಯಿತು. ಹೀಗಾಗಿ ಕರಡಿಗೆ ಆಕ್ಷೇಪಣೆ ಸಲ್ಲಿಸಿದ ಪ್ರಜೆಯು ಅದನ್ನು ಯಾರು, ಯಾವ ಕಾರಣದಿಂದ ತಳ್ಳಿಹಾಕಿದರೆಂದು ಕೇಳಲು ಸಾಧ್ಯವಾಯಿತು. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ 2014ರ ಕೇಂದ್ರದ ಶಾಸನಪೂರ್ವ ಸಮಾಲೋಚನಾ ನೀತಿಯು ಇದೇ ದಿಕ್ಕಿನದಾದರೂ, ಅದು ಕೇವಲ ನೀತಿ, ಕಾನೂನಲ್ಲ. ಕಡತ ನೋಡುವ ಹಕ್ಕು ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮವಾಗಿರುವಾಗ, ಅದಕ್ಕಿಂತ ಶತಮಾನದಷ್ಟು ಹಳೆಯದಾದ ಆಕ್ಷೇಪಣೆಯ ಹಕ್ಕು ಇನ್ನೂ ಆಯಾ ಅಧಿನಿಯಮದ ಕೃಪೆಯಲ್ಲಿ ಉಳಿಯುವುದು ಸರಿಯಲ್ಲ. ಅದೂ ಸಾಮಾನ್ಯ ನಿಯಮವಾದಾಗಲೇ, ನಿಯಮಕ್ಕೆ ತಲೆಬಾಗಬೇಕಾದವರ ಮಾತು ಅದರ ರಚನೆಯಲ್ಲಿ ಸೇರುವುದು ಖಚಿತವಾಗುತ್ತದೆ.